ಹೆಬ್ಬೆಟ್ಟಿನಿಂದ ಸಹಿಯವರೆಗೆ

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನ್ನ ಮೇಜಿನ ಮೇಲೆ ಸದಾ ಎರಡು ವಸ್ತುಗಳಿರುತ್ತಿದ್ದವು. ಒಂದು ಪೆನ್ನು, ಇನ್ನೊಂದು ಶಾಯಿ ಪ್ಯಾಡು. ಓದು ಬಂದವರಿಗೆ ಪೆನ್ನು, ಬಾರದವರಿಗೆ ಪ್ಯಾಡು.

1969ರಲ್ಲಿ 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಹಳ್ಳಿಗಾಡಿನಲ್ಲೂ ಶಾಖೆಗಳು ಹೆಚ್ಚಿದವು. ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಅಕ್ಷರ ಬಾರದವರು ಒಳಗೆ ಬಂದರೂ ಮೂಲೆಯಲ್ಲೇ ನಿಲ್ಲುತ್ತಿದ್ದರು. ಒಂದು ಚೀಟಿ ಬರೆಸಲು ಯಾರನ್ನಾದರೂ ಬೇಡಬೇಕಿತ್ತು.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಕಡೆಯ ಒಬ್ಬ ತಾಯಿಯನ್ನು ನಾನು ಮರೆತಿಲ್ಲ. ಮಳೆ ನಂಬಿ ಕಡ್ಲೆಕಾಯಿ ಬೆಳೆಯುವ ಸೀಮೆ ಅದು. ಆಕೆ ಸಾಲದ ಕಂತನ್ನು ಊರಿನವರೊಬ್ಬರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ದಿನ ಐದನೇ ತರಗತಿಯ ಮಗಳೊಂದಿಗೆ ತಾವೇ ಬಂದರು. ಹುಡುಗಿ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು ಓದಿದಳು.

“ಅಮ್ಮಾ, ನೀನು ಮೂರು ಸಲ ದುಡ್ಡು ಕೊಟ್ಟಿದ್ದೆ. ಇಲ್ಲಿ ಎರಡೇ ಐತೆ.”

“ಇನ್ನೊಂದ್ಸಲ ನೋಡಿ ಸ್ವಾಮಿ” ಎಂದರು ತಾಯಿ. ಲೆಡ್ಜರ್ ತೆಗೆದು ನೋಡಿದೆ. ಮಗು ಓದಿದ್ದೇ ಸರಿ. ಒಂದು ಕಂತು ದಾರಿಯಲ್ಲೇ ಕರಗಿತ್ತು! ಕೂಲಿ ಮಾಡಿ ಕೂಡಿಟ್ಟ ಹಣ ಅದು.

ಮುಂದಿನ ಕಂತುಗಳನ್ನು ಆಕೆ ತಾವೇ ತಂದು ಕಟ್ಟಿದರು. ಕೆಲವು ತಿಂಗಳ ಮೇಲೆ ನಾನು ಪ್ಯಾಡು ಮುಂದಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸಿ, “ಪೆನ್ನು ಕೊಡಿ ಸ್ವಾಮಿ” ಎಂದರು. ಮಗಳು ರಾತ್ರಿ ದೀಪದ ಮುಂದೆ ಕೂರಿಸಿ ಸಹಿ ಕಲಿಸಿದ್ದಳು. ಸೊಟ್ಟ ಸಹಿಯೇ. ಆದರೂ ಆ ದಿನ ಆಕೆ ತಲೆ ಎತ್ತಿಕೊಂಡು ಹೊರಗೆ ಹೋದರು.

ಓದಿದರೆ ನೌಕರಿ ಸಿಗುತ್ತದೆ ಎನ್ನುತ್ತೇವೆ. ಅದಕ್ಕೂ ಮೊದಲು ಓದು, ದುಡಿದದ್ದನ್ನು ಕೈಯಲ್ಲಿ ಉಳಿಸುತ್ತದೆ. ನಾಲ್ಕು ಜನರ ನಡುವೆ ಸಮನಾಗಿ ನಿಲ್ಲಿಸುತ್ತದೆ.

ಆದರೆ ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟರು. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಸರ್ಕಾರಿ ಶಾಲೆಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಬಿಸಿಯೂಟ ಉಣ್ಣುತ್ತಾರೆ. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕಾಗಿದೆ.

1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 56 ಇತ್ತು. 2011ಕ್ಕೆ ಅದು ಶೇ. 75 ದಾಟಿತು. ಆದರೂ ನೂರರಲ್ಲಿ ಸುಮಾರು 25 ಜನ ಹೊರಗೇ ಉಳಿದಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು.

ಮಕ್ಕಳೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹೆಬ್ಬೆಟ್ಟು ಒತ್ತುವ ಅಜ್ಜಿ ಇದ್ದಾರೆಯೇ? ಅವರ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಕಲಿಸಿ. ಅಜ್ಜಿಯರೇ, ಮೊಮ್ಮಕ್ಕಳ ಹತ್ತಿರ ಕಲಿಯಲು ನಾಚಿಕೆ ಬೇಡ. ಆ ತಾಯಿಗೆ ಗುರುವಾದದ್ದು ಐದನೇ ತರಗತಿಯ ಹುಡುಗಿ!