ಲಾಲ್‌ಬಾಗಿನ ದರ್ಶನವೂ ಔಷಧಿಗಿಡಗಳ ಗುರುತೂ

ಹಟ್ಟಿಯ ಕಡೆಯಿಂದ ಬೆಂಗಳೂರಿಗೆ ಹೋದ ಗೌಡರಲ್ಲಿಯೂ ಜಮೀನುದಾರರಲ್ಲಿಯೂ ಲಾಲ್‌ಬಾಗನ್ನು ನೋಡದೆ ಬಂದವರು ವಿರಳ. ಆದರೆ ಗಾಜಿನ ಮನೆಯ ಹೂವುಗಳನ್ನು ಕಂಡು ಹಿಂದಿರುಗುವವರೇ ಹೆಚ್ಚು. ಔಷಧಿಗಿಡಗಳ ಬೇಸಾಯವನ್ನು ಮನಸ್ಸಿನಲ್ಲಿಟ್ಟುಕೊಂಡವರು ಆ ತೋಟವನ್ನು ಬೇರೊಂದು ದೃಷ್ಟಿಯಿಂದ ನೋಡತಕ್ಕದ್ದು.

1760ರಲ್ಲಿ ಹೈದರಾಲಿಯು ಪ್ರಾರಂಭಿಸಿದ ಈ ತೋಟಕ್ಕೆ ಟಿಪ್ಪು ಸುಲ್ತಾನನು ಪರದೇಶಗಳಿಂದ ಗಿಡಗಳನ್ನು ತರಿಸಿದನು. 1856ರಲ್ಲಿ ಇದು ಸರಕಾರದ ಸಸ್ಯೋದ್ಯಾನವಾಯಿತು. ಈಗಿನ ವಿಸ್ತೀರ್ಣ ಸುಮಾರು 240 ಎಕರೆ. ಇಂಥ ತೋಟಗಳ ಮೂಲ ಉದ್ದೇಶವು ವಿಹಾರ ಮಾತ್ರವಲ್ಲ. ಇಟಲಿಯ ಪಡುವಾ ನಗರದಲ್ಲಿ 1545ರಲ್ಲಿ ಹಾಕಿಸಿದ ತೋಟವೂ, ಲಂಡನ್ನಿನ ಚೆಲ್ಸಿಯಲ್ಲಿ ಔಷಧಿ ವ್ಯಾಪಾರಿಗಳ ಸಂಘವು 1673ರಲ್ಲಿ ಸ್ಥಾಪಿಸಿದ ತೋಟವೂ ವಿದ್ಯಾರ್ಥಿಗಳು ನಿಜವಾದ ಮೂಲಿಕೆಯನ್ನು ಹುಸಿಯಿಂದ ಬೇರ್ಪಡಿಸಿ ಗುರುತಿಸಲೆಂದೇ ಹುಟ್ಟಿದವು.

ಲಾಲ್‌ಬಾಗಿನಲ್ಲಿ ಮರಗಳಿಗೆ ಹೆಸರಿನ ಫಲಕಗಳಿರುವುದರಿಂದ ಈ ಪಾಠವು ಸುಲಭ. ಅಲ್ಲಿಯ ಅಶೋಕವನ್ನು ನೋಡಿರಿ. ಒಂದೇ ಕಡ್ಡಿಯಲ್ಲಿ ಜೋಡಿಜೋಡಿಯಾದ ಎಲೆಗಳು, ಜೋತುಬಿದ್ದ ತಾಮ್ರವರ್ಣದ ಚಿಗುರು, ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂಗೊಂಚಲು. ನಮ್ಮ ಶಾಲೆ ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ನಿಂತು, ಅಂಚು ಸುಕ್ಕಾದ ಒಂಟಿ ಎಲೆಗಳನ್ನು ಬಿಡುವ ಮರವು ಅಶೋಕವೇ ಅಲ್ಲ. ಆದರೂ ಅದರ ತೊಗಟೆಯು ಅಶೋಕದ ತೊಗಟೆಯೆಂದು ಮಾರಾಟವಾಗುವುದುಂಟು.

ಇದನ್ನು ಬರೆಯುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಟ್ಟಿಯ ಸಮೀಪದ ಒಬ್ಬ ರೈತರು ನನ್ನ ಮಾತಿನಂತೆ ಎರಡು ಎಕರೆ ಮಸಾರಿ ಹೊಲದಲ್ಲಿ ಸೋನಾಮುಖಿಯನ್ನು ಬಿತ್ತಿದರು. ಬೆಳೆ ಚೆನ್ನಾಗಿಯೇ ಬಂದಿತು. ಕೊಯ್ಲಿನ ಆಳುಗಳು ಬದುವಿನ ಮೇಲಿನ ಆವರಿಕೆಯನ್ನೂ, ಅಂದರೆ ತಂಗಡಿಯನ್ನೂ, ಅದರೊಡನೆ ಕೊಯ್ದು ಒಣಗಿಸಿದರು. ರಾಶಿಯನ್ನು ಪರೀಕ್ಷಿಸಿದ ನನಗೂ ಅದು ಕಾಣಲಿಲ್ಲ. ಸರಕು ಪೂರ್ತಿ ವಾಪಸು ಬಂದಿತು. ಕೂಲಿ, ಸಾಗಾಣಿಕೆ ಎಲ್ಲವೂ ಆ ರೈತರ ಮೈಮೇಲೆ ಬಿದ್ದವು, ತಪ್ಪು ಮಾತ್ರ ನನ್ನದು.

ಎರಡೂ ಒಂದೇ ಬಳಗದ ಗಿಡಗಳು, ಎರಡರ ಹೂವೂ ಹಳದಿ. ಆದರೆ ಸೋನಾಮುಖಿಯ ಎಲೆಕಡ್ಡಿಯಲ್ಲಿ ಐದರಿಂದ ಎಂಟು ಜೋಡಿ ಕಿರಿದಾದ, ತುದಿ ಚೂಪಾದ ಎಲೆಗಳಿರುತ್ತವೆ. ಕಾಯಿ ಚಪ್ಪಟೆ, ಅಗಲ, ಗಿಡ್ಡ. ಆವರಿಕೆಯಲ್ಲಿ ಎಂಟರಿಂದ ಹನ್ನೆರಡು ಜೋಡಿ, ತುದಿ ದುಂಡು, ಕಾಯಿ ಉದ್ದ. ಎಲೆಕಡ್ಡಿಯ ಬುಡದಲ್ಲಿ ಕಿವಿಯಂತೆ ಅಗಲವಾದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿದ್ದರೆ ಅದು ನಿಸ್ಸಂದೇಹವಾಗಿ ಆವರಿಕೆಯೇ. ಒಣಗಿಸಿ ಬಿಡಿಸಿದ ಮೇಲೆ ಈ ಗುರುತು ಉಳಿಯದು. ಆದುದರಿಂದ ಕೊಯ್ಲಿಗೆ ಮುಂಚೆಯೇ ಬದುವನ್ನು ಸವರಿಸುವುದು ಯುಕ್ತ.

ಸೋನಾಮುಖಿಯು ತಮಿಳುನಾಡಿನ ತಿರುನೆಲ್ವೇಲಿಯ ಒಣಭೂಮಿಯಲ್ಲಿ ಬಹುಕಾಲದಿಂದ ಬೆಳೆಯುತ್ತಿದೆ. ನೀರು ನಿಂತರೆ ಕೊಳೆಯುವುದರಿಂದ ಸಿಂಧನೂರಿನ ಕಾಲುವೆಯ ಭತ್ತದ ಗದ್ದೆಗೆ ಇದು ಹೇಳಿದ್ದಲ್ಲ. ಬಿತ್ತಿದ ಎರಡು ಮೂರು ತಿಂಗಳಿಗೆ ಎಲೆಯನ್ನು ಕೊಯ್ದು, ಹಸಿರು ಕೆಡದಂತೆ ನೆರಳಿನಲ್ಲಿ ತೆಳುವಾಗಿ ಹರಡಬೇಕು. ಕೊಳ್ಳುವವರಿಂದ ಬರಹದ ಕರಾರಿಲ್ಲದೆ ಬಿತ್ತಬಾರದು.

ಯಾವ ಗಿಡದ ವಿಷಯದಲ್ಲಾದರೂ ಸಂದೇಹವುಂಟಾದಲ್ಲಿ, ಹೂವೂ ಕಾಯಿಯೂ ಇರುವ ಒಂದು ಗೇಣುದ್ದದ ಕೊಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ, ಊರು ಮತ್ತು ಹೊಲದ ಹೆಸರನ್ನು ಬರೆದು, ಸಮೀಪದ ಕೃಷಿ ಕಚೇರಿಗಾಗಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ಕೊಂಡೊಯ್ದು ತೋರಿಸಬಹುದು. ಬರಿಯ ಎಲೆಯನ್ನು ತಂದರೆ ಸಾಲದು.