ಬಾಂಡ್‌ಗೆ ಮೊದಲಿನ ಡೀವರ್

1964ರಲ್ಲಿ ಇಯಾನ್ ಫ್ಲೆಮಿಂಗ್ ತೀರಿಕೊಂಡರೂ ಅವರು ಸೃಷ್ಟಿಸಿದ ಗೂಢಚಾರ ಜೇಮ್ಸ್ ಬಾಂಡ್‌ನ ಕಥೆ ನಿಲ್ಲಲಿಲ್ಲ. ಕಿಂಗ್ಸ್ಲಿ ಆಮಿಸ್, ಜಾನ್ ಗಾರ್ಡ್ನರ್, ರೇಮಂಡ್ ಬೆನ್ಸನ್ ಮೊದಲಾದವರು ಅದನ್ನು ಮುಂದುವರಿಸಿದರು. ಹೊಸ ಲೇಖಕರ ಹೆಸರು ಪ್ರಕಟವಾದಾಗ ಬಾಂಡ್ ಅಭಿಮಾನಿಗಳು ಅವರ ಹಳೆಯ ಪುಸ್ತಕಗಳನ್ನು ಹುಡುಕಿ ಓದುವುದುಂಟು. ಮೆಚ್ಚಿನ ನಾಯಕ ಎಂಥ ಕೈಗೆ ಸಿಗುತ್ತಿದ್ದಾನೆ ಎಂದು ತಿಳಿಯುವ ಕಾತರ ಅದು.

2010ರಲ್ಲಿ ಈ ಹೊಣೆ ಅಮೆರಿಕದ ಜೆಫ್ರಿ ಡೀವರ್‌ಗೆ ಬಂತು. ಅವರ ಹೆಸರು ಮನೆಮಾತಾದದ್ದು 1997ರ ‘ದಿ ಬೋನ್ ಕಲೆಕ್ಟರ್’ನಿಂದ. ಅದರ ನಾಯಕ ಲಿಂಕನ್ ರೈಮ್ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವಿಧಿವಿಜ್ಞಾನ ತಜ್ಞ. ಮಣ್ಣಿನ ಕಣ, ನಾರಿನ ಎಳೆಯಿಂದಲೇ ಕೊಲೆಗಾರನ ಜಾಡು ಹಿಡಿಯುತ್ತಾನೆ. ಆದರೆ ಬಾಂಡ್‌ಗೆ ಹೆಚ್ಚು ಹತ್ತಿರವಾದದ್ದು 2004ರ ‘ಗಾರ್ಡನ್ ಆಫ್ ಬೀಸ್ಟ್ಸ್’. 1936ರ ಒಲಿಂಪಿಕ್ಸ್ ಹೊತ್ತಿನ ಬರ್ಲಿನ್‌ಗೆ, ಜರ್ಮನಿಯ ಮರುಶಸ್ತ್ರೀಕರಣದ ರೂವಾರಿಯನ್ನು ಮುಗಿಸಲು ನ್ಯೂಯಾರ್ಕ್‌ನ ಬಾಡಿಗೆ ಹಂತಕನೊಬ್ಬ ಹೋಗುವ ಕಥೆ. ಇದಕ್ಕೆ ಫ್ಲೆಮಿಂಗ್ ಹೆಸರಿನ ‘ಸ್ಟೀಲ್ ಡ್ಯಾಗರ್’ ಪ್ರಶಸ್ತಿಯೇ ಬಂತು. ಪ್ರಶಸ್ತಿ ಸ್ವೀಕರಿಸುತ್ತ ಡೀವರ್ ಫ್ಲೆಮಿಂಗ್‌ರ ಪ್ರಭಾವವನ್ನು ನೆನೆದದ್ದು ಬಾಂಡ್ ಹಕ್ಕುದಾರರ ಗಮನ ಸೆಳೆಯಿತು.

ಡೀವರ್‌ರ ಈ ಹಳೆಯ ಪುಸ್ತಕಗಳನ್ನು ಹುಡುಕಿ ಓದಿದ ಅಭಿಮಾನಿಗಳ ಶ್ರಮ ವ್ಯರ್ಥವಾಗಲಿಲ್ಲ. ಅವರು ಬರೆದ ಬಾಂಡ್ ಕಾದಂಬರಿ, 2011ರ ‘ಕಾರ್ಟ್ ಬ್ಲಾಂಶ್’ನಲ್ಲಿ ಬಾಂಡ್ ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ ಇಂದಿನ ಯುವಕ. ಆದರೂ ವಾರದೊಳಗೆ ಮುಗಿಯುವ ಓಟ, ಓದುಗರನ್ನು ದಾರಿ ತಪ್ಪಿಸುವ ತಿರುವುಗಳು ಅಪ್ಪಟ ಡೀವರ್ ಶೈಲಿಯವು. ಡೀವರ್‌ರ ಹಳೆಯ ಪುಸ್ತಕಗಳಲ್ಲಿ ಒಂದನ್ನೇ ಓದಲು ಬಿಡುವಿದ್ದರೆ ‘ಗಾರ್ಡನ್ ಆಫ್ ಬೀಸ್ಟ್ಸ್’ ಓದುವುದೇ ಸರಿ.