ಎಲುಬಿನ ಗಡ್ಡೆಗಳು: ಸೌಮ್ಯವೂ ಮಾರಕವೂ

ಮನೆಗೆ ತೊಲೆ ಕಂಬಗಳಿರುವಂತೆ ದೇಹಕ್ಕೆ ಎಲುಬುಗಳು ಆಧಾರವಾಗಿವೆ. ಆದರೆ ಎಲುಬು ತೊಲೆ ಕಂಬಗಳಂತೆ ನಿರ್ಜೀವವಾದುದಲ್ಲ. ಬೆಳೆದ ಮನುಷ್ಯನ ಶರೀರದಲ್ಲಿರುವ 206 ಎಲುಬುಗಳಲ್ಲಿಯೂ ರಕ್ತ ಸಂಚರಿಸುತ್ತದೆ. ಹಳೆಯ ಅಂಶವು ಕರಗಿ ಹೊಸ ಅಂಶವು ಸೇರುತ್ತಿರುತ್ತದೆ. ಬಾಲ್ಯದಲ್ಲಿಯೂ ತಾರುಣ್ಯದಲ್ಲಿಯೂ ಕೈಕಾಲುಗಳ ನೀಳವಾದ ಎಲುಬುಗಳು ತಮ್ಮ ತುದಿಗಳ ಸಮೀಪದಲ್ಲಿ ಬೆಳೆದು ಉದ್ದವಾಗುತ್ತವೆ. ಈ ಬೆಳವಣಿಗೆಗೆ ಒಂದು ಕಟ್ಟಳೆಯಿದೆ. ಆ ಕಟ್ಟಳೆಯನ್ನು ಮೀರಿ ಕೆಲವು ಜೀವಕೋಶಗಳು ಮನಬಂದಂತೆ ಹೆಚ್ಚತೊಡಗಿದರೆ ಅಲ್ಲಿ ಗಡ್ಡೆಯುಂಟಾಗುತ್ತದೆ.

ಗಡ್ಡೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕ್ಯಾನ್ಸರ್ ಎಂದು ಎದೆಗುಂದುವವರು ಅನೇಕರಿದ್ದಾರೆ. ಮಕ್ಕಳ ಕಾಲುನೋವನ್ನು ಆಟದಲ್ಲಿ ತಗಲಿದ ಪೆಟ್ಟೆಂದು ತಿಂಗಳುಗಟ್ಟಲೆ ಕಡೆಗಣಿಸುವವರೂ ಇದ್ದಾರೆ. ಮೊದಲಿನವರು ಹಗ್ಗವನ್ನು ಹಾವೆಂದು ಬೆದರುವವರು. ಎರಡನೆಯವರು ಹಾವನ್ನೇ ಹಗ್ಗವೆಂದು ಹಿಡಿಯುವವರು. ಇವೆರಡೂ ತರವಲ್ಲ. ಎಲುಬಿನ ಗಡ್ಡೆಗಳಲ್ಲಿ ಸೌಮ್ಯ ಮತ್ತು ಮಾರಕ ಎಂಬ ಎರಡು ಬಗೆಗಳುಂಟು. ಅವುಗಳ ಭೇದವನ್ನು ವಿದ್ಯಾರ್ಥಿಗಳಾದವರು ತಿಳಿದಿರುವುದು ಲೇಸು.

ಸೌಮ್ಯ ಗಡ್ಡೆಗಳೇ ಸಂಖ್ಯೆಯಲ್ಲಿ ಹೆಚ್ಚು. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ಆಸ್ಟಿಯೋಕಾಂಡ್ರೋಮ. ಇದು ಎಲುಬಿನ ತುದಿಯ ಬಳಿ ಹೊರಕ್ಕೆ ಚಾಚಿಕೊಂಡ ಮೊಳಕೆಯಂತಿದ್ದು, ಅದರ ತಲೆಯ ಮೇಲೆ ಮೃದ್ವಸ್ಥಿಯ ಟೊಪ್ಪಿಗೆಯಿರುತ್ತದೆ. ಮಗುವು ಬೆಳೆಯುವಷ್ಟು ಕಾಲ ಇದೂ ಬೆಳೆದು, ಬೆಳವಣಿಗೆ ನಿಂತ ಮೇಲೆ ತಾನೂ ನಿಲ್ಲುವುದು ವಾಡಿಕೆ. ಅನೇಕರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಎನ್‌ಕಾಂಡ್ರೋಮ ಎಂಬ ಇನ್ನೊಂದು ಗಡ್ಡೆ ಹೆಚ್ಚಾಗಿ ಬೆರಳುಗಳ ಸಣ್ಣ ಎಲುಬುಗಳೊಳಗೆ ಅಡಗಿರುತ್ತದೆ. ಅಲ್ಪ ಪೆಟ್ಟಿಗೇ ಬೆರಳು ಮುರಿದಾಗ ಮಾತ್ರ ಅದರ ಇರವು ಬೆಳಕಿಗೆ ಬರುವುದುಂಟು. ಆದರೆ ಸೌಮ್ಯವೆಂಬ ಹೆಸರಿದ್ದ ಮಾತ್ರಕ್ಕೆ ಉದಾಸೀನ ಸಲ್ಲದು. 20ರಿಂದ 40 ವರ್ಷದವರಲ್ಲಿ, ಹೆಚ್ಚಾಗಿ ಮೊಳಕಾಲಿನ ಬಳಿ ತಲೆದೋರುವ ಜಯಂಟ್ ಸೆಲ್ ಗಡ್ಡೆಯು ಬೇರೆಡೆಗೆ ಹರಡುವುದು ವಿರಳವಾದರೂ ತಾನಿರುವ ಎಲುಬನ್ನು ಗೆದ್ದಲಿನಂತೆ ತಿಂದುಹಾಕುತ್ತದೆ.

ಮಾರಕ ಗಡ್ಡೆಗಳು ವಿರಳ. ಆದರೆ ಅವುಗಳಲ್ಲಿ ಮುಖ್ಯವಾದ ಆಸ್ಟಿಯೋಸಾರ್ಕೋಮವು ನಮ್ಮ ವಿದ್ಯಾರ್ಥಿಗಳ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುತ್ತದೆ. 10ರಿಂದ 20 ವರ್ಷದೊಳಗೆ, ಎಲುಬುಗಳು ಭರದಿಂದ ಬೆಳೆಯುವ ಕಾಲದಲ್ಲಿ, ತೊಡೆಯೆಲುಬಿನ ಕೆಳತುದಿಯಲ್ಲಿಯೋ ಮೊಳಕಾಲಿನ ಕೆಳಗಿನ ಎಲುಬಿನ ಮೇಲ್ತುದಿಯಲ್ಲಿಯೋ ಅದು ಕಾಣಿಸಿಕೊಳ್ಳುತ್ತದೆ. ಅದರ ಕೋಶಗಳು ರಕ್ತದೊಡನೆ ಸಾಗಿ ಮುಖ್ಯವಾಗಿ ಶ್ವಾಸಕೋಶವನ್ನು ಸೇರುತ್ತವೆ. ಜೇಮ್ಸ್ ಯೂಯಿಂಗ್ ಎಂಬ ವೈದ್ಯರು 1921ರಲ್ಲಿ ವಿವರಿಸಿದ ಯೂಯಿಂಗ್ ಸಾರ್ಕೋಮವೂ ಹೆಚ್ಚಾಗಿ ಎಳೆಯರ ರೋಗವೇ; ಇದರಲ್ಲಿ ನೋವು ಬಾವುಗಳೊಡನೆ ಜ್ವರವೂ ಬರಬಹುದಾದುದರಿಂದ ಕೀವಿನ ರೋಗವೆಂಬ ಭ್ರಮೆಗೆ ಎಡೆಯುಂಟು. ಕಾಂಡ್ರೋಸಾರ್ಕೋಮವು ಹೆಚ್ಚಾಗಿ 40 ವರ್ಷ ದಾಟಿದವರಲ್ಲಿ ಕಂಡುಬರುತ್ತದೆ.

ಇನ್ನು ಇವುಗಳನ್ನು ಬೇರ್ಪಡಿಸುವ ಲಕ್ಷಣಗಳನ್ನು ನೋಡೋಣ. ಮೊದಲನೆಯದು ಬೆಳವಣಿಗೆಯ ವೇಗ. ಸೌಮ್ಯ ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಇಲ್ಲವೆ ಇದ್ದಂತೆಯೇ ಇರುತ್ತದೆ; ಮಾರಕ ಗಡ್ಡೆ ಅನೇಕ ವೇಳೆ ವಾರ ತಿಂಗಳುಗಳಲ್ಲಿ ಹಿಗ್ಗುತ್ತದೆ. ಎರಡನೆಯದು ನೋವು. ಮಾರಕ ಗಡ್ಡೆಯ ನೋವು ಮೊದಲು ಬಂದು ಹೋಗುತ್ತಿದ್ದು, ಬರಬರುತ್ತ ನಿಲ್ಲದಂತಾಗಿ, ವಿಶ್ರಾಂತಿಗೂ ಜಗ್ಗದೆ ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಆದರೂ ನೋವೊಂದೇ ಪ್ರಮಾಣವಲ್ಲ. ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಪುಟ್ಟ ಸೌಮ್ಯ ಗಡ್ಡೆಯೂ ರಾತ್ರಿಯಲ್ಲಿ ಬಹಳ ನೋಯಿಸುತ್ತದೆ. ಮೂರನೆಯದು ಅಂಚು. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಗಳ ಚಿತ್ರದಲ್ಲಿ ಸೌಮ್ಯ ಗಡ್ಡೆಗೆ ಸಾಮಾನ್ಯವಾಗಿ ಹೊಲದ ಬದುವಿನಂತೆ ಸ್ಪಷ್ಟವಾದ ಎಲ್ಲೆ ಇರುತ್ತದೆ. ಮಾರಕ ಗಡ್ಡೆಯ ಅಂಚಾದರೋ ಕಾಗದದ ಮೇಲೆ ಹರಡಿದ ಮಸಿಯಂತೆ ಅಸ್ಪಷ್ಟ; ಅದು ಎಲುಬಿನ ಹೊರಗೋಡೆಯನ್ನು ಒಡೆದು, ಮೇಲಿನ ಪೊರೆಯನ್ನು ಎತ್ತಿ, ಕೆಲವೊಮ್ಮೆ ಸೂರ್ಯನ ಕಿರಣಗಳಂತೆ ಹೊಸ ಎಲುಬಿನ ಗೆರೆಗಳನ್ನು ಮೂಡಿಸುತ್ತದೆ. ಕೊನೆಯ ತೀರ್ಪು ಮಾತ್ರ ಬಯಾಪ್ಸಿಯದು. ಗಡ್ಡೆಯ ಒಂದು ಚೂರನ್ನು ತೆಗೆದು, ಅದರ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ತಜ್ಞರು ನಿರ್ಣಯಿಸುತ್ತಾರೆ.

ಈ ರೋಗವು ಪೆಟ್ಟಿನ ವೇಷದಲ್ಲಿ ಹೇಗೆ ಅಡಗಿರಬಲ್ಲದೆಂಬುದಕ್ಕೆ ಕೆನಡಾ ದೇಶದ ಟೆರ್ರಿ ಫಾಕ್ಸನ ಚರಿತ್ರೆಯೇ ನಿದರ್ಶನ. ಬಾಸ್ಕೆಟ್‌ಬಾಲ್ ಆಟಗಾರನಾಗಿದ್ದ ಆತನಿಗೆ 1976ರಲ್ಲಿ ಕಾರಿನ ಅಪಘಾತವೊಂದರ ತರುವಾಯ ಬಲ ಮೊಳಕಾಲು ನೋಯುತ್ತಿತ್ತು. ಆಟದ ಋತು ಮುಗಿಯಲೆಂದು ಆತನು ನೋವನ್ನು ಸಹಿಸಿಕೊಂಡನು. 1977ರ ಮಾರ್ಚಿಯಲ್ಲಿ ಪರೀಕ್ಷಿಸಿದಾಗ ಅದು ಆಸ್ಟಿಯೋಸಾರ್ಕೋಮವೆಂದು ತಿಳಿಯಿತು. 18 ವರ್ಷದ ಆ ತರುಣನ ಕಾಲನ್ನು ಮೊಳಕಾಲಿನ ಮೇಲೆ ಕತ್ತರಿಸಬೇಕಾಯಿತು. 1980ರಲ್ಲಿ ಆತನು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನ ಮೇಲೆ 143 ದಿನ ಓಡಿ, 5,373 ಕಿಲೋಮೀಟರು ಕ್ರಮಿಸಿದನು. ಅಷ್ಟರಲ್ಲಿ ರೋಗವು ಶ್ವಾಸಕೋಶಕ್ಕೆ ಹರಡಿತ್ತು. 1981ರ ಜೂನ್ 28ರಂದು ಆತನು ತೀರಿಕೊಂಡನು. ಪೆಟ್ಟಿನಿಂದ ಈ ರೋಗ ಹುಟ್ಟುತ್ತದೆಂದು ಇದರ ಅರ್ಥವಲ್ಲ. ಮೊದಲೇ ಇದ್ದ ರೋಗದ ಕಡೆಗೆ ಪೆಟ್ಟು ಗಮನ ಸೆಳೆಯುತ್ತದೆ, ಇಲ್ಲವೆ ಅದನ್ನು ಮರೆಮಾಡುತ್ತದೆ, ಅಷ್ಟೆ.

ಹಿಂದೆ ಕಾಲನ್ನು ಕತ್ತರಿಸುವುದೊಂದೇ ಉಪಾಯವಾಗಿತ್ತು. ಆದರೂ ಐವರಲ್ಲಿ ಸುಮಾರು ನಾಲ್ವರು ಉಳಿಯುತ್ತಿರಲಿಲ್ಲ. 1970ರ ದಶಕದಿಂದ ಈಚೆಗೆ ಔಷಧ ಚಿಕಿತ್ಸೆ ಬಳಕೆಗೆ ಬಂದು, ಬೇರೆಡೆಗೆ ಹರಡುವ ಮೊದಲೇ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಬದುಕುತ್ತಾರೆ. ಅನೇಕರಲ್ಲಿ ಕಾಲನ್ನೂ ಉಳಿಸಿ, ಕೆಟ್ಟ ಎಲುಬಿನ ಸ್ಥಾನದಲ್ಲಿ ಲೋಹದ ಕೀಲನ್ನು ಜೋಡಿಸುತ್ತಾರೆ. ನಮ್ಮ ಮುಂಬಯಿಯ ಪರೇಲಿನಲ್ಲಿ 1941ರಿಂದ ನಡೆದುಬಂದಿರುವ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗಳು ದೊರೆಯುತ್ತವೆ.

ಆಡುವ ಮಕ್ಕಳಿಗೆ ಪೆಟ್ಟು ಬೀಳುವುದು ಸಹಜ; ಆ ನೋವು ದಿನೇ ದಿನೇ ಇಳಿಯಬೇಕು. ಇಳಿಯುವ ಬದಲು ಏರುತ್ತ ಹೋದರೆ, ಒಂದೇ ಕಡೆಯಲ್ಲಿ ವಾರಗಟ್ಟಲೆ ನಿಂತರೆ, ರಾತ್ರಿ ಎಚ್ಚರಗೊಳಿಸಿದರೆ, ಅಥವಾ ಬಾವು ಕಂಡರೆ, ತಂಡದಿಂದ ಹೊರಗಿಟ್ಟಾರೆಂಬ ಅಂಜಿಕೆಯಿಂದಾಗಲಿ ತಂದೆತಾಯಿಗಳಿಗೆ ಖರ್ಚಾದೀತೆಂಬ ಸಂಕೋಚದಿಂದಾಗಲಿ ಅದನ್ನು ಮುಚ್ಚಿಡಬಾರದು. ಎಣ್ಣೆ ಹಚ್ಚಿ ತಿಕ್ಕಿಸಿ ಕಾಲ ಕಳೆಯಲೂಬಾರದು. ಮನೆಯಲ್ಲಿ ಹೇಳಿರಿ, ಮನೆಯಲ್ಲಿ ಹೇಳಲಾಗದಿದ್ದರೆ ನಮ್ಮಲ್ಲಿ ಹೇಳಿರಿ. ಹತ್ತರಲ್ಲಿ ಒಂಬತ್ತು ಸಲ ಅದು ಹಗ್ಗವೇ ಆಗಿದ್ದರೂ, ದೀಪ ಹಿಡಿದು ನೋಡಿದವರಿಗೆ ನಷ್ಟವೇನೂ ಇಲ್ಲ.